ಬೆಳಕು ಹರಿಯಲಿ, ಆಮೇಲೆ ಕಾಡಿಗೆ ಹೋಗೋಣ

ಚಳಿ ಶುರುವಾದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳ ವಿಷಯವೇ ಬದಲಾಗಿಬಿಡುತ್ತದೆ. ಮಳೆಗಾಲದಲ್ಲಿ ಎಲ್ಲರಿಗೂ ಜಲಪಾತ ಬೇಕು, ಬೇಸಿಗೆಯಲ್ಲಿ ಕೊಡಗು. ಈಗ ಬೆಳಗಿನ ಜಾವದ ಕಾಡು. ಈ ಸಲ ಬಂದ ಪ್ರಶ್ನೆಗಳಲ್ಲಿ ಒಂದೇ ಥರದ್ದನ್ನು ಒಟ್ಟು ಮಾಡಿ, ಉಳಿದದ್ದನ್ನು ಸ್ವಲ್ಪ ಚಿಕ್ಕದು ಮಾಡಿ ಹಾಕಿದ್ದೇನೆ. ಬೈದವರ ಪತ್ರವೂ ಇದೆ.

ಪ್ರಶ್ನೆ: ಸರ್, ನಮ್ಮ ಮನೆಯಿಂದ ತುರಹಳ್ಳಿ ಕಾಡಿಗೆ ಗಾಡಿಯಲ್ಲಿ ಹತ್ತೇ ನಿಮಿಷ. ನಾವು ಗೆಳತಿಯರು ಸೇರಿ ಬೆಳಿಗ್ಗೆ 5 ಗಂಟೆಗೇ ಒಳಗೆ ಹೋಗೋಣ ಅಂದುಕೊಂಡಿದ್ದೇವೆ. ಆಗ ಜನ ಇರೋದಿಲ್ಲ, ಶಾಂತವಾಗಿರುತ್ತದೆ. ಹೋಗಬಹುದಾ?
— ಓದುಗರು, ಬನಶಂಕರಿ 6ನೇ ಹಂತ, ಬೆಂಗಳೂರು

ಚಳಿಗಾಲದಲ್ಲಿ 5 ಗಂಟೆ ಅಂದರೆ ಅದು ರಾತ್ರಿಯೇ ಮೇಡಂ. ಬೆಂಗಳೂರಲ್ಲಿ ಜನವರಿ ಕೊನೆಗೆ ಸೂರ್ಯ ಹುಟ್ಟೋದು ಸುಮಾರು 6:46ಕ್ಕೆ. ಅದೇ ಜೂನ್ ಶುರುವಿನಲ್ಲಿ 5:52ಕ್ಕೆಲ್ಲ ಹುಟ್ಟಿರುತ್ತಾನೆ. ಹೆಚ್ಚು ಕಡಿಮೆ ಒಂದು ಗಂಟೆ ವ್ಯತ್ಯಾಸ. ಆದರೆ ನಮ್ಮ ಅಲಾರಂ ಮಾತ್ರ ವರ್ಷವಿಡೀ ಒಂದೇ ಹೊತ್ತಿಗೆ ಹೊಡೆಯುತ್ತದೆ. ಟಾರ್ಚ್ ಇಲ್ಲದೆ ಕಾಲಡಿಯ ನೆಲ ಕಾಣುವಷ್ಟು ಬೆಳಕು ಬರುವುದು ಸೂರ್ಯ ಹುಟ್ಟುವ ಇಪ್ಪತ್ತು ನಿಮಿಷ ಮುಂಚೆ. ಅಂದರೆ ಜನವರಿಯಲ್ಲಿ 6:25ರ ಹೊತ್ತಿಗೆ ಕಾಡಿನ ಬಾಯಲ್ಲಿ ಇದ್ದರೆ ಸಾಕು, ಅದಕ್ಕಿಂತ ಮೊದಲು ಹೋಗಿ ಮಾಡುವುದು ಏನೂ ಇಲ್ಲ.

ತುರಹಳ್ಳಿ ಸುತ್ತಮುತ್ತ ಚಿರತೆ ಕಾಣಿಸಿಕೊಂಡ ಸುದ್ದಿ ಆಗಾಗ ಬರುತ್ತಿರುತ್ತದೆ, ನೀವೂ ಓದಿರುತ್ತೀರಿ. ಅದೇನು ನಿಮ್ಮ ದಾರಿ ಕಾಯುತ್ತಾ ಕೂತಿರುವುದಿಲ್ಲ. ಅದರ ಕಣ್ಣು ಬೀದಿನಾಯಿ ಮೇಲೆ, ಕುರಿ ಮೇಲೆ. ಆದರೆ ಕತ್ತಲಲ್ಲಿ ಅದು ಓಡಾಡುವ ದಾರಿಗೆ ನಾವೇ ಅಡ್ಡ ಹೋಗಿ ನಿಂತರೆ ಇಬ್ಬರಿಗೂ ಗಾಬರಿ. ಅಕಸ್ಮಾತ್ ಎದುರಾದರೆ ಓಡಬೇಡಿ, ಕೂರಬೇಡಿ, ಬಗ್ಗಬೇಡಿ. ಎಲ್ಲರೂ ಒಟ್ಟಿಗೆ ನಿಂತು, ಅದರ ಕಡೆಗೇ ಮುಖ ಮಾಡಿ, ನಿಧಾನಕ್ಕೆ ಹಿಂದೆ ಸರಿಯಿರಿ. ಸಾಮಾನ್ಯವಾಗಿ ಮೊದಲು ಜಾಗ ಖಾಲಿ ಮಾಡುವುದು ಅದೇ.

ಇನ್ನೊಂದು ಮಾತು. ಗೇಟಿನ ಹತ್ತಿರ ಫಲಕ ಹಾಕಿದ್ದರೆ ಓದಿ, ಗಾರ್ಡ್ ಇದ್ದರೆ ಅವರನ್ನೇ ಕೇಳಿ, ಬೇಡ ಅಂದ ದಿನ ವಾಪಸ್ ಬನ್ನಿ. ಊರ ಮಗ್ಗುಲಲ್ಲಿ ಇಷ್ಟಾದರೂ ಕಾಡು ಉಳಿದಿದೆ ಅಂದರೆ ಅದರ ಹಿಂದೆ ಜನರ ಹಠವೂ ಇದೆ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಮಾತು ಬಂದಾಗ ಸುತ್ತಲಿನ ನಿವಾಸಿಗಳೇ ಬೋರ್ಡು ಹಿಡಿದು ನಿಂತು, ನಮಗೆ ಬೆಂಚು, ಕಲ್ಲುಹಾಸು ಬೇಡ, ಕಾಡು ಕಾಡಾಗೇ ಇರಲಿ ಅಂದಿದ್ದರು.

ಪ್ರಶ್ನೆ: ರಾತ್ರಿ 3 ಗಂಟೆಗೆ ಎದ್ದು, ಗಾಡಿ ಓಡಿಸಿಕೊಂಡು ಹೋಗಿ, ಬೆಳಕು ಹರಿಯುವ ಹೊತ್ತಿಗೆ ನಡೆಯೋಕೆ ಶುರು ಮಾಡಿದ್ವಿ. ಒಟ್ಟು ಹತ್ತು ಕಿಲೋಮೀಟರ್. ಒಂದು ಜಿಂಕೆಯೂ ಕಾಣಲಿಲ್ಲ. ಬರೀ ಗಿಡ ನೋಡೋಕೆ ಅಷ್ಟು ದೂರ ಹೋಗಬೇಕಾ? ಮನೆ ಹಿಂದಿನ ಪಾರ್ಕೇ ಸಾಕಿತ್ತು.
— ಓದುಗರು, ಮೈಸೂರು

ನಿಮ್ಮ ಪತ್ರ ಓದಿ ನಗು ಬಂತು, ಬೇಜಾರಾಗಬೇಡಿ. ಹತ್ತು ಕಿಲೋಮೀಟರ್ ನಡೆದದ್ದೇ ತೊಂದರೆಯಾಗಿರೋದು. ಎಷ್ಟು ಜನ ಹೋಗಿದ್ದಿರಿ ಅಂತ ಬರೆದಿಲ್ಲ. ಮೂರ್ನಾಲ್ಕು ಜನ ಇದ್ದರೂ ಆರೆಂಟು ಶೂಗಳು ಒಣಗಿದ ತೇಗದ ಎಲೆ ಮೇಲೆ ಚರಪರ ಅಂತ ಬಂದರೆ ಯಾವ ಜಿಂಕೆ ನಿಂತು ನೋಡುತ್ತದೆ ಹೇಳಿ?

ಮುಂದಿನ ಸಲ ಒಂದು ಕೆಲಸ ಮಾಡಿ. ಮೊದಲ ಮುಕ್ಕಾಲು ಗಂಟೆ ನಡೆಯಲೇಬೇಡಿ. ಒಳಗೆ ಹೋಗಿ, ಬೆನ್ನಿಗೆ ಒಂದು ಮರವೋ ಬಂಡೆಯೋ ಸಿಗುವ ಹಾಗೆ, ಎದುರಿಗೆ ಸ್ವಲ್ಪ ಬಯಲು ಕಾಣುವ ಹಾಗೆ ಕೂತುಬಿಡಿ. ಫೋನು ಜೇಬಲ್ಲಿರಲಿ. ಮೊದಲ ಹತ್ತು ನಿಮಿಷ ಏನೂ ಆಗೋದಿಲ್ಲ, ಇದೇನು ಸುಮ್ನೆ ಕೂರಿಸಿದ ಅಂತ ನನ್ನನ್ನು ಬೈದುಕೊಳ್ಳುತ್ತೀರಿ. ನೀವು ಬಂದ ಸದ್ದಿಗೆ ಬಾಯಿ ಮುಚ್ಚಿಕೊಂಡ ಹಕ್ಕಿಗಳು ಆಮೇಲೆ ಒಂದೊಂದಾಗಿ ಮತ್ತೆ ಶುರು ಮಾಡುತ್ತವೆ. ನಮ್ಮ ಬಯಲುಸೀಮೆ ಕಾಡಾದರೆ ಇನ್ನೂ ಮಬ್ಬಿರುವಾಗಲೇ ಮಡಿವಾಳ ಹಕ್ಕಿ ಕೊಂಬೆ ತುದಿಯಲ್ಲಿ ಕೂತು ಹಾಡುತ್ತಿರುತ್ತದೆ, ನವಿಲು ಮರದ ಮೇಲಿಂದಲೇ ಕಿರುಚುತ್ತದೆ, ಪಿಕಳಾರಗಳು ಕಿಚಿಪಿಚಿ ಹಚ್ಚುತ್ತವೆ. ಸ್ವಲ್ಪ ಬೆಳಕಾದ ಮೇಲೆ ಹರಟೆಮಲ್ಲಗಳ ಗುಂಪು ನೆಲಕ್ಕಿಳಿದು ತರಗೆಲೆ ಕೆದಕುತ್ತಾ ಜಗಳ ಶುರು ಮಾಡುತ್ತದೆ. ಪಶ್ಚಿಮ ಘಟ್ಟದ ಕಡೆಯಾದರೆ ಕುಟ್ರು ಹಕ್ಕಿಯದೇ ದರ್ಬಾರು. ಒಂದು 'ಕುಟ್ರು ಕುಟ್ರು' ಅಂದರೆ ಕಣಿವೆಯ ಆಚೆಯಿಂದ ಇನ್ನೊಂದು ಉತ್ತರ ಕೊಡುತ್ತದೆ, ನಿಲ್ಲಿಸೋದೇ ಇಲ್ಲ.

ಬೆಳಗಿನ ಹೊತ್ತೇ ಯಾಕೆ ಇಷ್ಟು ಗಲಾಟೆ ಅಂತ ಕೇಳಿದರೆ ಕಾರಣಗಳು ಸರಳ. ಆ ಮಬ್ಬು ಬೆಳಕಲ್ಲಿ ಹುಳ ಹುಡುಕೋದು ಕಷ್ಟ, ಹಾಗಾಗಿ ಬೇರೆ ಕೆಲಸ ಇಲ್ಲ. ಗಾಳಿ ಆಡದೆ ಇರೋದರಿಂದ ಕೂಗು ದೂರ ಹೋಗುತ್ತದೆ. ರಾತ್ರಿ ಬದುಕುಳಿದಿದ್ದೇನೆ, ಈ ಜಾಗ ಇನ್ನೂ ನನ್ನದೇ ಅಂತ ಪಕ್ಕದವನಿಗೆ ಹೇಳಬೇಕಲ್ಲ, ಅದಕ್ಕೆ ಇದೇ ಒಳ್ಳೆ ಸಮಯ. ಮರಿ ಮಾಡುವ ಕಾಲದಲ್ಲಿ, ಅಂದರೆ ಹೆಚ್ಚಿನ ಹಕ್ಕಿಗಳಿಗೆ ಬೇಸಿಗೆಯಿಂದ ಮಳೆ ಹಿಡಿಯುವ ತನಕ, ಈ ಹಾಡು ಜಾಸ್ತಿ. ಚಳಿಗಾಲದಲ್ಲಿ ಕಡಿಮೆ. ಮಲೆನಾಡಿನ ಹಳ್ಳದ ಬದಿಯಲ್ಲಿ ಶಿಳ್ಳೆ ಹೊಡೆಯುವ ಮಲಬಾರ್ ವಿಸ್ಲಿಂಗ್ ಥ್ರಷ್ ಅಂತೂ ಮಳೆಗಾಲದಲ್ಲೇ ಮನಸ್ಸು ಬಿಚ್ಚಿ ಹಾಡೋದು. ರಾಗ ಮರೆತುಹೋದ ಹುಡುಗನೊಬ್ಬ ದಾರಿಯಲ್ಲಿ ಶಿಳ್ಳೆ ಹಾಕಿಕೊಂಡು ಹೋದ ಹಾಗಿರುತ್ತದೆ.

ಪ್ರಾಣಿ ಕಾಣೋದಿಲ್ಲ ಅಂದಿರಲ್ಲ, ನೆಲ ನೋಡಿದಿರಾ? ಬೆಳಿಗ್ಗೆ ಮೊದಲು ಹೋದವರಿಗೆ ಮಾತ್ರ ಸಿಗುವ ಲಾಭ ಅದು. ಮಣ್ಣಿನ ದಾರಿಯ ನುಣುಪು ಧೂಳಿನ ಮೇಲೆ ರಾತ್ರಿ ಯಾರು ಯಾರು ಓಡಾಡಿದರು ಅಂತ ಪೂರ್ತಿ ಲೆಕ್ಕ ಇರುತ್ತದೆ. ಗುಂಡಗಿನ ಹೆಜ್ಜೆ, ಮುಂದೆ ನಾಲ್ಕು ಬೆರಳು, ಉಗುರಿನ ಗುರುತೇ ಇಲ್ಲ ಅಂದರೆ ಬೆಕ್ಕಿನ ಜಾತಿ, ಯಾಕೆಂದರೆ ಅದು ಉಗುರು ಒಳಗೆಳೆದುಕೊಂಡು ನಡೆಯುತ್ತದೆ. ಬೆರಳ ಮುಂದೆ ಉಗುರು ಚುಚ್ಚಿದ ಚುಕ್ಕೆ ಇದ್ದರೆ ನಾಯಿಯೋ ನರಿಯೋ. ದಾರಿ ಮಧ್ಯದ ಕಲ್ಲಿನ ಮೇಲೆ ಬರೀ ಹಣ್ಣಿನ ಬೀಜಗಳೇ ತುಂಬಿದ ಹಿಕ್ಕೆ ಇದ್ದರೆ ಪುನುಗು ಬೆಕ್ಕು ಬಂದುಹೋಗಿದೆ. ಮುಖದ ಎತ್ತರಕ್ಕೆ ದಾರಿಗೆ ಅಡ್ಡಲಾಗಿ ಜೇಡರ ಬಲೆ ಹರಿಯದೆ ಇದ್ದರೆ, ಅದರ ಎಳೆ ಎಳೆಗೂ ಇಬ್ಬನಿ ಕೂತಿದ್ದರೆ, ನಿಮಗಿಂತ ಮುಂಚೆ ಆ ದಾರಿಯಲ್ಲಿ ಮನುಷ್ಯರು ಯಾರೂ ಹೋಗಿಲ್ಲ ಅಂತ ಅರ್ಥ. ಬಗ್ಗಿ ಕೆಳಗಿನಿಂದ ನುಸುಳಿ, ಅವನು ರಾತ್ರಿಯೆಲ್ಲ ಕಟ್ಟಿದ್ದು. 9 ಗಂಟೆಗೆ ಬಂದವರಿಗೆ ಇದ್ಯಾವುದೂ ಸಿಗೋದಿಲ್ಲ. ಇಬ್ಬನಿ ಆರಿರುತ್ತದೆ, ಧೂಳಿನ ಮೇಲೆ ಶೂ ಗುರುತು ತುಂಬಿರುತ್ತದೆ.

ಕಿವಿಯೂ ತೆರೆದಿರಲಿ. ಮರದ ತುದಿಯಲ್ಲಿದ್ದ ಮುಸಿಯ, ಅದೇ ಕಪ್ಪು ಮುಖದ ಮಂಗ, ಎಲೆ ತಿನ್ನೋದು ಬಿಟ್ಟು ಒಂದೇ ಕಡೆ ನೋಡುತ್ತಾ ಗಂಟಲಿನಿಂದ 'ಖಕ್ ಖರ್' ಅಂತ ಬಿಟ್ಟುಬಿಟ್ಟು ಕೂಗಿದರೆ, ಕೆಳಗೆ ಎಲ್ಲೋ ಜಿಂಕೆಯೂ ದನಿ ಸೇರಿಸಿದರೆ, ಆ ಪೊದೆಯಲ್ಲಿ ಬೇಟೆಗಾರ ಇದ್ದಾನೆ ಅಂತ. ನಿಮಗೆ ಕಾಣದಿದ್ದರೂ ಅವಕ್ಕೆ ಕಂಡಿದೆ. ಇದು ನೋಡಿದ್ದಕ್ಕಿಂತ ಕಡಿಮೆಯೇನಲ್ಲ ಅನ್ನೋದು ನನ್ನ ಅಭಿಪ್ರಾಯ. ಜಿಂಕೆಯೇ ಬೇಕು ಅಂದರೆ ನಿಮ್ಮೂರಲ್ಲೇ ಒಳ್ಳೇ ಮೃಗಾಲಯ ಇದೆಯಲ್ಲ ಸ್ವಾಮಿ.

ಪ್ರಶ್ನೆ: ನಾಗರಹೊಳೆ, ಬಂಡೀಪುರದ ಒಳಗೆ ಬೆಳಿಗ್ಗೆ ಬೆಳಿಗ್ಗೆ ನಡೆದುಕೊಂಡು ಸುತ್ತೋಕೆ ಯಾರ ಹತ್ತಿರ ಪರ್ಮಿಷನ್ ತಗೋಬೇಕು ಅಣ್ಣಾ? ನಾವು ಕಾಲೇಜು ಹುಡುಗರು.
— ಓದುಗರು, ಚಾಮರಾಜನಗರ

ಆಗೋದಿಲ್ಲಪ್ಪ. ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ನಿಮ್ಮೂರ ಪಕ್ಕದ ಬಿಳಿಗಿರಿರಂಗನ ಬೆಟ್ಟ, ಈ ಐದೂ ಹುಲಿ ಸಂರಕ್ಷಿತ ಪ್ರದೇಶ. ಪ್ರವಾಸಿಗರು ಅನುಮತಿ ಇರುವ ಸಫಾರಿ ಗಾಡಿಯಲ್ಲಿ ಹೋಗಬೇಕೇ ಹೊರತು ಕಾಲ್ನಡಿಗೆಯಲ್ಲಿ ತಮ್ಮಷ್ಟಕ್ಕೆ ಸುತ್ತುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಅಭಯಾರಣ್ಯದ ಒಳಗೆ ಕಾಲಿಟ್ಟರೆ ಅದು ಅಪರಾಧ. ಯಾರೋ ಲೋಕಲ್ ಗೈಡು 'ಬನ್ನಿ, ನಾನು ಕರ್ಕೊಂಡು ಹೋಗ್ತೀನಿ' ಅಂದರೆ ಕೇಸು ಬೀಳೋದು ನಿಮ್ಮ ಮೇಲೂ. ನಡೆಯಲೇಬೇಕು ಅಂದರೆ ಇಲಾಖೆಯೇ ತೆರೆದಿಟ್ಟ ಚಾರಣದ ದಾರಿಗಳಿವೆ, ಮುಂದಿನ ಪ್ರಶ್ನೆ ನೋಡಿ.

ಪ್ರಶ್ನೆ: ಕುದುರೆಮುಖಕ್ಕೆ ಹೋಗೋಕೆ ಈಗ ಆನ್‌ಲೈನ್ ಬುಕಿಂಗ್ ಅಂತೆ, ದಿನಕ್ಕೆ ಇಷ್ಟೇ ಜನ ಅಂತೆ. ಬೆಟ್ಟ ಹತ್ತೋಕೂ ಟಿಕೆಟ್ಟಾ? ಮೊದಲೆಲ್ಲ ಹೀಗಿರಲಿಲ್ಲ.
— ಓದುಗರು, ದಾವಣಗೆರೆ

ಮೊದಲು ಇಷ್ಟು ಜನವೂ ಇರಲಿಲ್ಲ ಸರ್. 2024ರ ಜನವರಿ, ಗಣರಾಜ್ಯೋತ್ಸವದ ರಜೆ ವಾರಾಂತ್ಯ ನೆನಪಿದೆಯಾ? ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಸೇರಿ ಕಾಲಿಡಲು ಜಾಗ ಇಲ್ಲದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಅದು ಪುಷ್ಪಗಿರಿ ವನ್ಯಜೀವಿಧಾಮ, ಜಾತ್ರೆ ಬಯಲಲ್ಲ. ಅದಾದ ಮೇಲೆಯೇ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿ ಅಂತ ಅರಣ್ಯ ಸಚಿವ ಈಶ್ವರ ಖಂಡ್ರೆ ಹೇಳಿದ್ದು, ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಅನ್ನುವ ಜಾಲತಾಣ ಶುರುವಾಗಿದ್ದು. ಒಂದು ದಾರಿಗೆ ದಿನಕ್ಕೆ 300 ಜನ ಮಾತ್ರ ಅಂತ ಮಿತಿ ಹಾಕಿದರು. ನನ್ನ ಕೇಳಿದರೆ 300 ಕೂಡ ಜಾಸ್ತಿಯೇ. ಎಲ್ಲರೂ 6 ಗಂಟೆಗೇ ಹೊರಟರೆ ಮುಂದಿನವರ ಬ್ಯಾಗು ನೋಡಿಕೊಂಡೇ ಕುದುರೆಮುಖದ 1,894 ಮೀಟರ್ ತುದಿ ತನಕ ಹೋಗಬೇಕಾಗುತ್ತದೆ.

ಅದಕ್ಕೇ ಒಂದು ಸಲಹೆ. ಶನಿವಾರ, ಭಾನುವಾರ ಬಿಟ್ಟು ಮಂಗಳವಾರವೋ ಬುಧವಾರವೋ ರಜೆ ಹಾಕಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ 600 ಚದರ ಕಿಲೋಮೀಟರ್ ಇದೆ, ದಾರಿ ಒಂದೇ ಅಲ್ಲ. ಪಕ್ಕದಲ್ಲಿ ಕುರಿಂಜಲ್ ಇದೆ, ಗಂಗಡಿಕಲ್ಲು ಇದೆ, ನಡಿಗೆಯೂ ಕಡಿಮೆ. ಗೈಡ್ ಜೊತೆಗಿರುತ್ತಾರೆ. ಅವರಲ್ಲಿ ಹೆಚ್ಚಿನವರು ಅಲ್ಲೇ ಸುತ್ತಲಿನ ಊರಿನವರು. ಅವರನ್ನು ಬರೀ ದಾರಿ ತೋರಿಸುವವರು ಅಂದುಕೊಳ್ಳದೆ ಮಾತಾಡಿಸಿ, ಕಾಟಿ, ಅಂದರೆ ಕಾಡುಕೋಣ, ಯಾವ ಹೊತ್ತಿಗೆ ಯಾವ ಹುಲ್ಲಿಗೆ ಬರುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿ ಭಯ ಇರುವುದರಿಂದ ಚಾರಣ ಮುಚ್ಚುತ್ತಾರೆ, ಬುಕ್ ಮಾಡುವಾಗಲೇ ನೋಡಿಕೊಳ್ಳಿ.

ಪ್ರಶ್ನೆ: ಬೆಟ್ಟದ ಮೇಲಿಂದ ನೋಡಿದರೆ ಮೋಡ ಕೆಳಗಿರುತ್ತದಲ್ಲ, ಅದು ಮೋಡವಾ ಮಂಜಾ? ಒಂದೊಂದು ದಿನ ಇರುತ್ತದೆ, ಒಂದೊಂದು ದಿನ ಏನೂ ಇರೋದಿಲ್ಲ, ಯಾಕೆ?
— ಓದುಗರು, ಚಿಕ್ಕಬಳ್ಳಾಪುರ

ಚಳಿಗಾಲದ ಬೆಳಿಗ್ಗೆ ಕಣಿವೆಯಲ್ಲಿ ತುಂಬಿಕೊಂಡಿರುವುದು ಹೆಚ್ಚಾಗಿ ಮಂಜೇ. ರಾತ್ರಿ ಆಕಾಶ ಶುಭ್ರವಾಗಿದ್ದರೆ ನೆಲದ ಬಿಸಿ ಬೇಗ ಹಾರಿಹೋಗುತ್ತದೆ. ನೆಲಕ್ಕೆ ಅಂಟಿದ ಗಾಳಿ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ಜಾರಿ ಕಣಿವೆ ಸೇರುತ್ತದೆ. ಅಲ್ಲಿ ಕೆರೆಯ ತೇವವೋ ಗದ್ದೆಯ ತೇವವೋ ಇದ್ದರೆ ಅದು ಹನಿಗಟ್ಟಿ ಮಂಜಾಗುತ್ತದೆ. ಹಾಗಾಗಿ ಹಿಂದಿನ ದಿನ ಸ್ವಲ್ಪ ಮಳೆಯಾಗಿ, ರಾತ್ರಿ ನಕ್ಷತ್ರ ಚೆನ್ನಾಗಿ ಕಂಡು, ಗಾಳಿ ಬೀಸದೆ ಇದ್ದರೆ ಮಾರನೇ ದಿನ ನಿಮಗೆ ಅದೃಷ್ಟ. ರಾತ್ರಿಯೆಲ್ಲ ಮೋಡ ಮುಚ್ಚಿದ್ದರೆ ಅದು ಕಂಬಳಿ ಹೊದೆಸಿದ ಹಾಗೆ, ನೆಲ ಅಷ್ಟು ತಣ್ಣಗಾಗೋದಿಲ್ಲ, ಮಂಜೂ ಇಲ್ಲ. ಗಾಳಿ ಜೋರಿದ್ದರೂ ಕಟ್ಟೋದಿಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರೋದಿಲ್ಲ. ದಿನದ ಅತಿ ಚಳಿ ಇರೋದು ನಡುರಾತ್ರಿ ಅಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ, ಅದರ ಸ್ವಲ್ಪ ಆಮೇಲೆ. ತುದಿ ತಲುಪಿ ಬೆವರು ಆರುವುದೂ ಆಗಲೇ. ಒಂದು ಒಣ ಬನಿಯನ್ನು ಬ್ಯಾಗಲ್ಲಿಟ್ಟುಕೊಂಡು ಹೋಗಿ, ಮೇಲೆ ಹೋಗಿ ಬದಲಾಯಿಸಿ. ದಪ್ಪ ಸ್ವೆಟರಿಗಿಂತ ಅದೇ ಜಾಸ್ತಿ ಉಪಯೋಗ.

ಪ್ರಶ್ನೆ: ಸಾಗರದ ಹತ್ತಿರ ತವರುಮನೆ. ರಜೆಗೆ ಹೋದಾಗ ಮಕ್ಕಳನ್ನು ಬೆಳಿಗ್ಗೆ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಅಮ್ಮ 'ಇಂಬಳ ಹಿಡಿಯುತ್ತೆ, ಮಂಗನ ಕಾಯಿಲೆ ಬರುತ್ತೆ' ಅಂತ ಬಿಡೋದೇ ಇಲ್ಲ. ಅಷ್ಟು ಹೆದರಬೇಕಾ?
— ಓದುಗರು, ಹುಬ್ಬಳ್ಳಿ

ಇಂಬಳಕ್ಕೆ ಹೆದರಬೇಡಿ, ಎರಡನೆಯದಕ್ಕೆ ಅಮ್ಮನ ಮಾತು ಕೇಳಿ.

ಇಂಬಳ, ಅಂದರೆ ಜಿಗಣೆ, ಮಳೆಗಾಲದ್ದು. ರಕ್ತ ಹೆಪ್ಪುಗಟ್ಟದ ಹಾಗೆ ಏನೋ ಒಂದನ್ನು ಬಿಟ್ಟು ಕುಡಿಯುವುದರಿಂದ ಅದು ಬಿದ್ದುಹೋದ ಮೇಲೂ ರಕ್ತ ಸುರಿಯುತ್ತಲೇ ಇರುತ್ತದೆ, ನೋಡಿದವರಿಗೆ ಗಾಬರಿ. ತೊಳೆದು, ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಸುಣ್ಣ, ಹೊಗೆಸೊಪ್ಪು ಕಾಲಿಗೆ ಉಜ್ಜಿಕೊಳ್ಳೋದು ನಿಮ್ಮೂರಲ್ಲೇ ಹಿರಿಯರಿಗೆ ಗೊತ್ತು. ಮಂಡಿ ತನಕ ಬರುವ ದಪ್ಪ ಬಟ್ಟೆಯ ಕಾಲುಚೀಲ ಸಿಗುತ್ತದೆ, ಮಕ್ಕಳಿಗೆ ಅದೇ ಒಳ್ಳೆಯದು.

ಮಂಗನ ಕಾಯಿಲೆ ಬೇರೆ ವಿಷಯ. ಅದು ಮೊದಲು ಪತ್ತೆಯಾದದ್ದೇ ನಿಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ವೈರಸ್ಸನ್ನು ಹರಡುವುದು ಉಣುಗು, ಕೆಲವು ಕಡೆ ಉಣ್ಣೆ ಅಂತಾರಲ್ಲ, ಅದು. ಮಂಗ ನೇರವಾಗಿ ಕೊಡೋದಿಲ್ಲ, ಮನುಷ್ಯರಿಂದ ಮನುಷ್ಯರಿಗೂ ಬರೋದಿಲ್ಲ. ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗು ಆ ಸುತ್ತ ಉದುರಿ, ಅಲ್ಲಿ ಓಡಾಡಿದವರಿಗೆ ಹತ್ತುತ್ತದೆ. ಡಿಸೆಂಬರ್‌ನಿಂದ ಮೇ ತನಕ, ಅಂದರೆ ಸರಿಯಾಗಿ ಮಕ್ಕಳ ರಜೆಯ ಕಾಲದಲ್ಲೇ, ಇದರ ಹಾವಳಿ ಜಾಸ್ತಿ. ಆ ಕಾಲದಲ್ಲಿ ಉಣುಗಿನ ಮರಿಗಳು ಎಳ್ಳಿಗಿಂತ ಸಣ್ಣಕ್ಕಿರುತ್ತವೆ, ಹತ್ತಿದ್ದೇ ಗೊತ್ತಾಗೋದಿಲ್ಲ.

ಹಾಗಾಗಿ ಹೊರಡುವ ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ: ಈ ವರ್ಷ ಸುತ್ತಮುತ್ತ ಮಂಗ ಸತ್ತಿದೆಯಾ, ಕೇಸು ಬಂದಿದೆಯಾ? ಬಂದಿದ್ದರೆ ಆ ಸೀಸನ್ ಪೂರ್ತಿ ಕಾಡು ಬೇಡ, ತೋಟದ ಬೇಲಿ ದಾಟಬೇಡಿ. ಇಲ್ಲದಿದ್ದರೂ ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕೊಡುತ್ತಾರಾ ಕೇಳಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿ, ತರಗೆಲೆ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮೇಲೆ ಮೈಸೂರಿನವರಿಗೆ ನೆಲದಲ್ಲಿ ಕೂರಿ ಅಂದೆನಲ್ಲ, ಅದು ಮಲೆನಾಡಿಗೆ ಈ ಕಾಲದಲ್ಲಿ ಅನ್ವಯಿಸೋದಿಲ್ಲ. ಹೋಗಿಬಂದ ಒಂದು ವಾರ, ಹತ್ತು ದಿನದೊಳಗೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ. ಹುಬ್ಬಳ್ಳಿಯ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯಲಿಕ್ಕಿಲ್ಲ.

ಪ್ರಶ್ನೆ: ಕಾಡಲ್ಲಿ ಮಾತಾಡಬಾರದು, ಸದ್ದು ಮಾಡಬಾರದು ಅಂತ ನೀವು ಯಾವಾಗಲೂ ಬರೆಯುತ್ತೀರಿ. ದೇವರಾಯನದುರ್ಗದ ಕಡೆ ನಮ್ಮ ಅಜ್ಜ ಮಾತ್ರ ಕೆಮ್ಮುತ್ತಾ, ಕೋಲು ಕುಟ್ಟುತ್ತಾ ಹೋಗಬೇಕು ಅಂತಾರೆ. ಯಾರದು ಸರಿ?
— ಓದುಗರು, ತುಮಕೂರು

ಅಜ್ಜನದು. ಅಲ್ಲಿ ಕರಡಿ ಇದೆ.

ಕರಡಿಗೆ ಕಣ್ಣು, ಕಿವಿ ಅಷ್ಟು ಚುರುಕಿಲ್ಲ. ಹುತ್ತ ಬಗೆದು ಗೆದ್ದಲು ಹೀರುವಾಗಂತೂ ಲೋಕವೇ ಮರೆತಿರುತ್ತದೆ. ನೀವು ಸದ್ದಿಲ್ಲದೆ ತಿರುವಿನಲ್ಲಿ ದಿಢೀರ್ ಅಂತ ಎದುರು ಬಂದರೆ ಅದು ಹೆದರಿ ಮೈಮೇಲೆ ಬೀಳುತ್ತದೆ. ನಸುಕಿನಲ್ಲಿ ಅದು ರಾತ್ರಿ ಪಾಳಿ ಮುಗಿಸಿ ಬಂಡೆ ಸಂದಿಗೆ ವಾಪಸಾಗುವ ಹೊತ್ತು ಬೇರೆ. ಆದ್ದರಿಂದ ದೇವರಾಯನದುರ್ಗ, ರಾಮನಗರದ ಬೆಟ್ಟಗಳು, ಸಾವನದುರ್ಗ, ಬಳ್ಳಾರಿ–ಹೊಸಪೇಟೆ ಕಡೆಯ ಕಲ್ಲುಗುಡ್ಡ, ಇಲ್ಲೆಲ್ಲ ಪೊದೆ ದಟ್ಟವಾಗಿರುವ ಕಡೆ, ತಿರುವಿರುವ ಕಡೆ ಮಾಮೂಲಿ ದನಿಯಲ್ಲಿ ಮಾತಾಡಿಕೊಂಡೇ ಹೋಗಿ. ಕಂಡರೆ ಓಡದೆ, ಕಲ್ಲು ಎಸೆಯದೆ, ಬಂದ ದಾರಿಯಲ್ಲೇ ನಿಧಾನ ಹಿಂದಕ್ಕೆ. ಮರಿ ಜೊತೆಗಿದ್ದರೆ ಆವತ್ತಿನ ಬೆಟ್ಟ ಅಲ್ಲಿಗೇ ಮುಗಿಯಿತು, ಮನೆಗೆ ಹೋಗಿ ಇಡ್ಲಿ ತಿನ್ನಿ.

ಆನೆ ಓಡಾಡುವ ಕಡೆ, ಹಸಿ ಲದ್ದಿ ಕಂಡರೆ, ಬಿದಿರು ಮುರಿಯುವ ಸದ್ದು ಕೇಳಿದರೆ ಮುಂದೆ ಹೋಗಲೇಬೇಡಿ. ಅದು ನಿಮಗಿಂತ ಜೋರಾಗಿ ಓಡುತ್ತದೆ.

ಪ್ರಶ್ನೆ: ನನಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೋತೀನಿ. ಬರಿಹೊಟ್ಟೆಯಲ್ಲಿ ಬೆಳಿಗ್ಗೆ ಬೆಟ್ಟ ಹತ್ತಿದರೆ ಒಳ್ಳೆಯದು ಅಂತ ವಾಟ್ಸಾಪಲ್ಲಿ ಬಂದಿದೆ.
— ಓದುಗರು, ಹಾಸನ

ವಾಟ್ಸಾಪ್ ಮೆಸೇಜನ್ನು ಅಳಿಸಿಹಾಕಿ. ಬರಿಹೊಟ್ಟೆ, ಸಕ್ಕರೆ ಇಳಿಸುವ ಮಾತ್ರೆ, ಮೇಲೆ ಏರುದಾರಿ, ಮೂರೂ ಸೇರಿದರೆ ಸಕ್ಕರೆ ದಿಢೀರ್ ಇಳಿದು ಕೈಕಾಲು ನಡುಗಿ, ಬೆವರು ಬಂದು ತಲೆ ಸುತ್ತಬಹುದು, ಅದೂ ಸಹಾಯಕ್ಕೆ ಯಾರೂ ಇಲ್ಲದ ಕಡೆ. ನಿಮ್ಮ ಡಾಕ್ಟರನ್ನು ಮೊದಲು ಕೇಳಿ, ಮಾತ್ರೆಯ ಹೊತ್ತು ಹಿಂದೆ ಮುಂದೆ ಮಾಡಬೇಕಾ ಅವರೇ ಹೇಳಲಿ. ಹೊರಡುವಾಗ ಒಂದೆರಡು ಬಿಸ್ಕತ್ತು, ಬಾಳೆಹಣ್ಣು ತಿನ್ನಿ. ಜೇಬಲ್ಲಿ ಗ್ಲೂಕೋಸ್ ಪುಡಿಯೋ ಬೆಲ್ಲದ ಚೂರೋ ಇರಲಿ, ಜೊತೆಯಲ್ಲಿ ಇರುವವರಿಗೂ ಯಾವ ಜೇಬು ಅಂತ ಗೊತ್ತಿರಲಿ. ಕಾಲಿಗೆ ಗಾಯ ಆಗಿದ್ದು ಗೊತ್ತಾಗದೇ ಹೋಗಬಹುದು, ಮನೆಗೆ ಬಂದು ಪಾದ ತೊಳೆದು ಬೆರಳ ಸಂದಿ ನೋಡಿಕೊಳ್ಳಿ. ಮಂಡಿಗೆ ಕಷ್ಟ ಆಗೋದು ಹತ್ತುವಾಗಲ್ಲ, ಇಳಿಯುವಾಗ. ಒಂದು ಊರುಗೋಲು ಹಿಡಿದುಕೊಳ್ಳಿ, ನಾಚಿಕೆ ಏನಿಲ್ಲ, ಇಪ್ಪತ್ತೈದರ ಹುಡುಗರೂ ಸಾವಿರ ರೂಪಾಯಿ ಕೊಟ್ಟು ಅದನ್ನೇ ಕೊಳ್ಳುತ್ತಿದ್ದಾರೆ, ಹೆಸರು ಮಾತ್ರ ಟ್ರೆಕ್ಕಿಂಗ್ ಪೋಲ್.

ಪ್ರಶ್ನೆ: ನಮ್ಮ ನಾಯಿಯನ್ನು ಕರೆದುಕೊಂಡು ಹೋಗಬಹುದಾ? ಯಾರಿಗೂ ಕಚ್ಚೋದಿಲ್ಲ.
— ಓದುಗರು, ಬೆಂಗಳೂರು

ಬೇಡ. ಅದು ಕಚ್ಚೋದಿಲ್ಲ, ಆದರೆ ಚಿರತೆಗೆ ಅದು ಗೊತ್ತಾ? ಸಾಕುನಾಯಿಯ ರೋಗ ಕಾಡುನಾಯಿಗೆ, ನರಿಗೆ ಹತ್ತುತ್ತದೆ, ಉಣ್ಣೆ ಅಲ್ಲಿಂದ ನಿಮ್ಮ ಸೋಫಾಗೆ ಬರುತ್ತದೆ.

ಪ್ರಶ್ನೆ: ಒಬ್ಬಳೇ ಹೋಗಬೇಕು ಅನ್ನಿಸುತ್ತದೆ. ಗುಂಪು ಅಂದರೆ ಬರೀ ರೀಲ್ಸು, ಸ್ಪೀಕರಲ್ಲಿ ಹಾಡು. ಆದರೆ ಮನೆಯಲ್ಲಿ ಬಿಡೋದಿಲ್ಲ, ನನಗೂ ಒಳಗೊಳಗೇ ಭಯ. ಏನು ಮಾಡಲಿ?
— ಓದುಗರು, ಮಂಗಳೂರು

ಸ್ಪೀಕರ್ ವಿಷಯದಲ್ಲಿ ನಿಮ್ಮ ಕೋಪ ನನ್ನದೂ ಹೌದು. ಕಾಡಿನ ಒಳಗೆ ಬಂದು ಸ್ಪೀಕರ್ ಹಚ್ಚುವವರಿಗೆ ನಯವಾಗಿ ಹೇಳಿ ನೋಡಿ, ಕೇಳದಿದ್ದರೆ ಗಾರ್ಡಿಗೆ ತಿಳಿಸಿ. ಜಗಳಕ್ಕಿಳಿಯಬೇಡಿ.

ಒಬ್ಬರೇ ಹೋಗುವುದಕ್ಕೆ ನಾನು ಹೂಂ ಅನ್ನೋದಿಲ್ಲ. ಹೆಣ್ಣುಮಗಳು ಅಂತಲ್ಲ, ಗಂಡಸರಿಗೂ ಇದನ್ನೇ ಹೇಳುತ್ತೇನೆ. ಕಾಲು ಉಳುಕಿದರೆ, ಹಾವು ಕಚ್ಚಿದರೆ, ಯಾರಾದರೂ ಓಡಿಹೋಗಿ ಹೇಳಬೇಕಲ್ಲ. ಅದಕ್ಕೆ ಇಬ್ಬರು ಮೂವರು ಸಾಕು. ಮಾತಿಲ್ಲದೆ ಜೊತೆಗೆ ನಡೆಯಬಲ್ಲ ಗೆಳತಿ ಒಬ್ಬಳಿದ್ದರೆ ಒಬ್ಬಳೇ ಹೋದಷ್ಟೇ ಆರಾಮ. ಅಂಥವರು ಸಿಗೋದು ಕಷ್ಟ, ಒಪ್ಪಿದೆ. ನಿಮ್ಮೂರಲ್ಲಿ ಭಾನುವಾರ ಬೆಳಿಗ್ಗೆ ಹಕ್ಕಿ ನೋಡೋಕೆ ಹೋಗುವವರ ಗುಂಪು ಇರುತ್ತದೆ, ವಿಚಾರಿಸಿ. ಹಕ್ಕಿ ನೋಡುವವರಷ್ಟು ಕಡಿಮೆ ಮಾತಾಡುವ ಗುಂಪು ಬೇರೆ ಸಿಗೋದಿಲ್ಲ.

ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಚೀಟಿ ಬರೆದಿಟ್ಟು ಹೋಗಿ. ಸಿಗ್ನಲ್ ಇಲ್ಲದ ಕಡೆ ಫೋನು ನಂಬಬೇಡಿ. ಸಿಕ್ಕಿದರೆ ತುರ್ತಿಗೆ 112, ಅರಣ್ಯ ಇಲಾಖೆಯ ಸಹಾಯವಾಣಿ 1926. ಹಾವು ಕಚ್ಚಿದರೆ ಕೊಯ್ಯೋದು, ಬಾಯಲ್ಲಿ ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಆ ಕೈ ಅಥವಾ ಕಾಲು ಅಲ್ಲಾಡದ ಹಾಗೆ ಇಟ್ಟು ಆಸ್ಪತ್ರೆಗೆ ಹೊರಡಬೇಕು, ಅಷ್ಟೇ. ಬಂಡೆ ಮೇಲೆ ಕೈ ಊರುವ ಮೊದಲು ಆಚೆ ಏನಿದೆ ನೋಡಿದರೆ ಅರ್ಧ ಅಪಾಯ ಕಡಿಮೆ.

ಪ್ರಶ್ನೆ: ನಿಮ್ಮಂಥವರು ಬರೆದೇ ಕಾಡು ಹಾಳಾಗಿದ್ದು. ಪತ್ರಿಕೆಯಲ್ಲಿ ಓದಿ ಮುಂದಿನ ಭಾನುವಾರ ಇನ್ನೂರು ಜನ ಹೋಗುತ್ತಾರೆ. ಬರೆಯೋದು ನಿಲ್ಲಿಸಬಾರದಾ?
— ಓದುಗರು, ಚಿಕ್ಕಮಗಳೂರು

ನಿಮ್ಮ ಊರಿನ ಮುಳ್ಳಯ್ಯನಗಿರಿ ರಸ್ತೆಯಲ್ಲಿ ರಜಾದಿನ ಸಾಲುಗಟ್ಟಿ ನಿಲ್ಲುವ ಕಾರುಗಳನ್ನು ನೋಡಿದವರು ಹೀಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಅರ್ಧ ಒಪ್ಪುತ್ತೇನೆ. ಅದಕ್ಕೇ ನಾನು ಇಲ್ಲಿ ಹೆಸರು ಹೇಳಿದ್ದು ಎಲ್ಲರಿಗೂ ಮೊದಲೇ ಗೊತ್ತಿರುವ ಜಾಗಗಳನ್ನು, ಇಲಾಖೆ ಬಾಗಿಲು ಕಾಯುವ ಜಾಗಗಳನ್ನು. 'ಯಾರಿಗೂ ಗೊತ್ತಿಲ್ಲದ ಒಂದು ಜಾಗ ಹೇಳಿ ಸರ್' ಅಂತ ಈ ಸಲವೂ ಸುಮಾರು ಪತ್ರ ಬಂದಿವೆ, ಒಂದಕ್ಕೂ ಉತ್ತರ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅವರು ಮುನಿಸಿಕೊಳ್ಳಲಿ.

ಉಳಿದ ಅರ್ಧ ಒಪ್ಪೋದಿಲ್ಲ. ಬರೆಯದಿದ್ದರೆ ಜನ ಹೋಗೋದನ್ನೇನು ನಿಲ್ಲಿಸುತ್ತಾರಾ? ರೀಲ್ಸ್ ನೋಡಿ ಹೋಗುತ್ತಾರೆ. ಅದರಲ್ಲಿ ಉಣುಗಿನ ಮಾತಿಲ್ಲ, ಕರಡಿಯ ಮಾತಿಲ್ಲ, ಚಿಪ್ಸ್ ಪ್ಯಾಕೆಟ್ ವಾಪಸ್ ತರಬೇಕು ಅನ್ನೋ ಮಾತಂತೂ ಇಲ್ಲವೇ ಇಲ್ಲ. ನಿಮ್ಮ ಕಡೆಯ ಹುಲ್ಲುಗಾವಲು, ಅದರ ನಡುವಿನ ಕಣಿವೆಗಳ ಶೋಲಾ ಕಾಡಿನ ಬಗ್ಗೆ ನೀವೇ ಒಂದು ಪುಟ ಬರೆದು ಕಳಿಸಿ, ಯಾವ ತಿಂಗಳು ಯಾವ ದಾರಿಗೆ ಹೋಗಬಾರದು ಅಂತ. ಮುಂದಿನ ಸಂಚಿಕೆಯಲ್ಲಿ ನನ್ನ ಉತ್ತರಗಳನ್ನು ಕಡಿಮೆ ಮಾಡಿ ಅದನ್ನೇ ಹಾಕಿಸುತ್ತೇನೆ. 20ನೇ ತಾರೀಕಿನ ಒಳಗೆ ತಲುಪಿದರೆ ಅನುಕೂಲ.